ಮೂವರು ಹುಡುಗಿಯರು, ಹೆಸರು ಗೊತ್ತಿಲ್ಲ

ಅವಳ ಹೆಸರನ್ನು ಸದ್ಯಕ್ಕೆ ಯಾರೂ ಎತ್ತುವಂತಿರಲಿಲ್ಲ. ಅಜ್ಜಿಯ ಹೆಸರನ್ನೇ ಅವಳಿಗೂ ಇಟ್ಟಿದ್ದರು. ಅಜ್ಜಿ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಹೆಸರು ಹಿಡಿದು ಕರೆದರೆ ಸತ್ತವರು ಹೊರಟ ದಾರಿಯಲ್ಲೇ ನಿಂತುಬಿಡುತ್ತಾರೆ ಎನ್ನುತ್ತಾರೆ ಕಿಂಬರ್ಲಿ ಸೀಮೆಯ ಮೂಲನಿವಾಸಿಗಳಾದ ನಮ್ಮ ಜನ. ಸೂತಕ ಕಳೆಯುವ ತನಕ ಚಿಕ್ಕಮ್ಮಂದಿರು ಅವಳಿಗೆ ಬೇರೆಯೇ ಕೂಗು ಹಾಕುತ್ತಿದ್ದರು: "ಬಾರೇ ಹೆಸರಿಲ್ಲದೋಳೇ, ಟೀ ಆರ್ತಿದೆ."

ಅವಳು ಊರಿನ ಚಿತ್ರಶಾಲೆಯಲ್ಲಿ ಗಾಜು ಒರೆಸುತ್ತಿದ್ದಳು. ಬರುವ ಪ್ರದರ್ಶನಕ್ಕೆಂದು ಅಲ್ಲೊಂದು ಹಳೆಯ ಫೋಟೋ ತೂಗುಹಾಕಿದ್ದರು. ದನದ ಸಾಹುಕಾರನ ಜಗುಲಿಯ ಮೇಲೆ ಬಿಳಿ ಫ್ರಾಕು ತೊಟ್ಟ ಮೂವರು ಹುಡುಗಿಯರು ನಗುತ್ತಿದ್ದಾರೆ. ಉದ್ದನೆಯವಳೇ ಅಜ್ಜಿ. ಕೊನೆಯ ತಂಗಿ ಟಿಲ್ಲಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಾಳೆ.

ಕಳೆದ ತಿಂಗಳು ಅಜ್ಜಿ ಕೋಲೂರಿಕೊಂಡು ಬಂದು ಚಿತ್ರಶಾಲೆಯ ಮೇಲ್ವಿಚಾರಕಿ ಫಿಲಿಪಾ ಅವರೆದುರು ಕೂತು ಆ ಫೋಟೋದ ಕತೆ ಹೇಳಿದ್ದಳು. ಫೋಟೋ ತೆಗೆಯುವವರು ನಗಿ ಎಂದು ಪೆಪ್ಪರ್‌ಮಿಂಟು ಕೊಟ್ಟರಂತೆ. ಫೋಟೋ ತೆಗೆದಾದ ಮೇಲೆ, ನಮ್ಮ ಮಕ್ಕಳನ್ನು ಮನೆಯವರಿಂದ ಕಿತ್ತೊಯ್ಯುತ್ತಿದ್ದ ಸರ್ಕಾರದವರು ಟಿಲ್ಲಿಯನ್ನು ಲಾರಿಗೆ ಹತ್ತಿಸಿದರಂತೆ. ಚಕ್ರದ ಗುರುತು ಹಿಡಿದು ಅಜ್ಜಿ ಹೊಳೆಯವರೆಗೂ ಓಡಿದ್ದಳು. ಟಿಲ್ಲಿ ಮತ್ತೆ ಸಿಗಲಿಲ್ಲ. ಇಷ್ಟನ್ನು ಫೋಟೋದ ಕೆಳಗೆ ಬರೆಸಿ ಎಂದು ಕೇಳಿದಳು.

ಅಕ್ಷರ ಬಂದರೆ ನೋಡುವ ಕಣ್ಣು ಕಟ್ಟಿಹೋಗುತ್ತದೆ, ಚಿತ್ರವೇ ಮಾತಾಡಲಿ ಎಂದರು ಫಿಲಿಪಾ.

"ಅದು ಮಾತಾಡ್ತಿದೆಯಲ್ಲ ತಾಯಿ," ಅಂದಳು ಅಜ್ಜಿ, "ಸುಳ್ಳು ಮಾತಾಡ್ತಿದೆ."

ಈಗ ಪ್ರದರ್ಶನ ನಡೆಸುವ ನಗರದ ದೊಡ್ಡವರು ಪ್ರತಿ ಫೋಟೋದ ಕೆಳಗೂ ವಿವರ ಬೇಕೇ ಬೇಕು ಎಂದು ಕಾಗದ ಬರೆದಿದ್ದರು. ಫಿಲಿಪಾ ಹುಡುಗಿಯನ್ನು ಕರೆದು ಅಜ್ಜಿಯ ಹೆಸರು ಕೇಳಿದರು. ಅವಳು ನೆಲ ನೋಡುತ್ತಾ, ಹೆಸರು ಎತ್ತುವಂತಿಲ್ಲ, ಸತ್ತವರ ಮುಖವನ್ನೂ ತೋರಿಸುವಂತಿಲ್ಲ, ಸೂತಕ ಕಳೆಯುವವರೆಗೆ ಫೋಟೋ ಇಳಿಸಿಡಿ ಎಂದಳು. ಶುಕ್ರವಾರವೇ ಉದ್ಘಾಟನೆ, ಆಗುವುದಿಲ್ಲ ಎಂದರು.

"ಹಾಗಾದ್ರೆ ಕತೆ ಬರೀರಿ ಮೇಡಂ. ಹೆಸರು ಬೇಡ."

"ಯಾರು ಹೇಳಿದ್ದು ಅಂತ ಹಾಕದೆ ಹೇಗಮ್ಮ ಬರೆಯೋದು? ಗಾಳಿಮಾತು ಅಂತಾರೆ."

ಶುಕ್ರವಾರ ಬೆಳಿಗ್ಗೆ ಚೀಟಿ ಅಂಟಿತ್ತು: 'ಮೂವರು ಹುಡುಗಿಯರು. ಹೆಸರು ಗೊತ್ತಿಲ್ಲ.' ಅದರೆದುರು ಅವಳು ಒರೆಸುವ ಬಟ್ಟೆ ಹಿಡಿದು ನಿಂತಳು. ಅತಿಥಿಗಳು ಬರುವ ಹೊತ್ತು, ಎದೆಗೆ ನಿನ್ನ ಹೆಸರಿನ ಬ್ಯಾಡ್ಜ್ ಚುಚ್ಚಿಕೋ ಎಂದು ಫಿಲಿಪಾ ಹೇಳಿ ಹೋದರು. ಅಜ್ಜಿ ತೀರಿಕೊಂಡಾಗಿನಿಂದ ಅದು ಅವಳ ಜೇಬಿನಲ್ಲೇ ಇತ್ತು. ಹೊರಗೆ ತೆಗೆದಳು. ಅಕ್ಷರ ಗೋಡೆಗೆ ತಿರುಗುವಂತೆ ಮಗುಚಿ, ಗಾಜಿನ ಅಂಚಿಗೆ ಹಚ್ಚುವ ಅಂಟುಪಟ್ಟಿಯಿಂದ 'ಹೆಸರು ಗೊತ್ತಿಲ್ಲ' ಎಂಬುದರ ಮೇಲೆ ಅಂಟಿಸಿದಳು. ಯಾರಿಗೂ ಓದಲು ಸಿಗದು, ಆದರೆ ಅಜ್ಜಿಯ ಹೆಸರು ಅಲ್ಲಿದೆ.

ಅತಿಥಿಯೊಬ್ಬರು ಆ ಬೆನ್ನು ತೋರಿಸುವ ತಗಡು ಏನೆಂದು ಕೇಳಿದರು. ಫಿಲಿಪಾ ಕಿತ್ತು, ತಿರುಗಿಸಿ, ಅಲ್ಲೇ ಫೋಟೋದೆದುರು ಗಟ್ಟಿಯಾಗಿ ಹೆಸರು ಓದಿದರು. ಬಾಗಿಲ ಬಳಿ ನಿಂತಿದ್ದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ತಡವಾಗಿತ್ತು.

"ಏನಿಲ್ಲ," ಎಂದು ಫಿಲಿಪಾ ನಕ್ಕರು, "ನಮ್ಮ ಕಸ ಗುಡಿಸೋ ಹುಡುಗೀದು."

ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದರು.