ಮಂಗಳಮ್ಮನ ರವಿಕೆ ಅಳತೆ

ಗುಬ್ಬಿ ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಏಕಾಂತಯ್ಯನವರ ಹೆಂಡತಿ ಸರ್ವಮಂಗಳಮ್ಮನಿಗೆ ವಾರದಲ್ಲಿ ಮೂರು ದಿನ ಉಪವಾಸ. ಸೋಮವಾರದ್ದು ಶಿವನಿಗೆ. ಅದು ತವರಿನಿಂದಲೇ ಬಂದದ್ದು, ಅದರ ಬಗ್ಗೆ ನನ್ನ ತಕರಾರಿಲ್ಲ. ಗುರುವಾರ, ಶನಿವಾರದ್ದು ಮಾತ್ರ ಮೈ ಇಳಿಸಲಿಕ್ಕೆ. ಹಾಗಂತ ಹೇಳಿದರೆ ಅತ್ತೆ ಶಿವರುದ್ರಮ್ಮ ಸುಮ್ಮನಿರುತ್ತಾರೆಯೇ? "ವ್ರತ ಕಣತ್ತೆ" ಅಂದುಬಿಟ್ಟರೆ ಮುಗಿಯಿತು, ಮನೆಯಲ್ಲಿ ಯಾರೂ ಮರುಮಾತಾಡುವ ಹಾಗಿಲ್ಲ.

ಇದು ಎಂಬತ್ತಮೂರನೇ ಇಸವಿಯ ಮಾತು. "ಬಿ.ಪಿ. ಇದೆಯಮ್ಮ, ತೂಕ ಇಳಿಸಿ" ಎಂದು ತುಮಕೂರಿನ ಡಾಕ್ಟರು ಹೇಳಿ ಆಗಲೇ ಮೂರು ವರ್ಷವಾಗಿತ್ತು. ಮಂಗಳಮ್ಮ ಮಾತು ಕೇಳಲಿಲ್ಲ ಅನ್ನಬೇಡಿ. ಪಾಪ, ಹೊಟ್ಟೆ ಕಟ್ಟಿ ಕೇಳಿದಳು. ಉಪವಾಸದ ದಿನ ಸಂಜೆಯವರೆಗೆ ಬರೀ ಕಾಫಿ. ದೀಪ ಹಚ್ಚಿದ ಮೇಲೆ ಫಲಾಹಾರ. ಬೆಳಿಗ್ಗೆಯಿಂದ ಕಾದ ಹೊಟ್ಟೆ ಒಂದು ತಟ್ಟೆ ಅವಲಕ್ಕಿಗೆ ಕೇಳುತ್ತದೆಯೇ? ಉಪ್ಪಿಟ್ಟು, ರಸಾಯನ, ಮೇಲೆ ಎರಡು ಬಾಳೆಹಣ್ಣು.

ಮಾರನೇ ದಿನ ಬೆಳಿಗ್ಗೆ, ಹಮಾಲಿಗಳು ಬರುವ ಮೊದಲು, ಮಂಗಳಮ್ಮ ಅಂಗಡಿಗೆ ಹೋಗಿ ಕೊಬ್ಬರಿ ಮೂಟೆ ತೂಗುವ ತಕ್ಕಡಿಯ ಹಲಗೆ ಮೇಲೆ ಕೂರುತ್ತಿದ್ದಳು. ಆ ಕಡೆ ತೂಕದ ಕಲ್ಲು ಇಡುವುದು ಮಗಳು ನೀಲಾಂಬಿಕೆಯ ಕೆಲಸ. ಹದಿಮೂರು ವರ್ಷದ ಹುಡುಗಿ, ಏಳನೇ ಕ್ಲಾಸು.

"ಅಮ್ಮ, ಒಂದು ಕೆಜಿ ಇಳಿದಿದೀಯಾ!" ಎಂದು ನೀಲ ಚಪ್ಪಾಳೆ ತಟ್ಟಿದರೆ ಅಮ್ಮನ ಮುಖ ಅರಳುತ್ತಿತ್ತು. ಆ ಸಂತೋಷದಲ್ಲಿ ಬೆಳಗಿನ ರೊಟ್ಟಿಯನ್ನೂ ಬಿಡುತ್ತಿದ್ದಳು. ಸಂತೋಷ ಮಧ್ಯಾಹ್ನದವರೆಗೆ. ಆಮೇಲೆ ಕೈಕಾಲು ನಡುಗಿ, ತಲೆ ಗಿರ್ ಎಂದು, ಮಂಗಳಮ್ಮ ಉಗ್ರಾಣದ ಕತ್ತಲೆಯಲ್ಲಿ ನಿಂತುಕೊಂಡೇ ಕೊಬ್ಬರಿ ಬೆಲ್ಲ ತಿನ್ನುತ್ತಿದ್ದಳು. ಒಂದು ಚೂರು ಅಂತ ಹೋದವಳು ಅರ್ಧ ಅಚ್ಚು ಬೆಲ್ಲ ಮುಗಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಅಳು ಬಂದಂತಾಗಿ ಹೊರಗೆ ಬರುತ್ತಿದ್ದಳು. "ನನ್ನ ಬಾಯಿಗೆ ಬೆಂಕಿ ಹಾಕ" ಎಂದು ತನ್ನನ್ನೇ ಬೈದುಕೊಂಡು ಮತ್ತೆ ಗುರುವಾರದ ಉಪವಾಸ ಹಿಡಿಯುವುದು. ಹೀಗೆ ಮೂರು ವರ್ಷ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಕೊತ್ತಗೆರೆಯ ತವರಿನಿಂದ ತಮ್ಮನ ಮದುವೆ ಕಾಗದ ಬಂತು. ಮಂಗಳಮ್ಮ ರವಿಕೆ ಬಟ್ಟೆ ತೆಗೆದುಕೊಂಡು ಹಿಂದಿನ ಬೀದಿಯ ಖುರ್ಷಿದಾ ಬೇಗಂ ಮನೆಗೆ ಹೋದಳು. ಪೇಟೆಯ ಅರ್ಧ ಹೆಂಗಸರ ರವಿಕೆ ಹೊಲಿಯುವುದು ಖುರ್ಷಿದಾಳೇ.

"ಎರಡು ಇಂಚು ಬಿಗಿಯಾಗಿ ಹೊಲಿ ಕಣೇ. ಮದುವೆ ಹೊತ್ತಿಗೆ ಇಳಿದಿರ್ತೀನಿ."

ಖುರ್ಷಿದಾ ಟೇಪು ಹಿಡಿದು ಅಳೆದಳು. ಮಿಷನ್ನಿನ ಡ್ರಾಯರಿನಿಂದ ಅಳತೆ ಪುಸ್ತಕ ತೆಗೆದಳು.

"ಮಂಗಳಕ್ಕ, ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಮೂರು ವರ್ಷದ ಹಿಂದೆ ಶಿವರಾತ್ರಿಗೆ ಮೂವತ್ತೆಂಟು. ಗೌರಿ ಹಬ್ಬಕ್ಕೆ ಮೂವತ್ತೇಳು. ದೀಪಾವಳಿಗೆ ಮೂವತ್ತೊಂಬತ್ತು. ಆಮೇಲೆ ಮೂವತ್ತೆಂಟು, ಆಮೇಲೆ ನಲವತ್ತು. ಇವತ್ತು ನಲವತ್ತೊಂದು. ಪ್ರತಿ ಸಲ ಇಳೀತೀರ, ಇಳಿದಿದ್ದಕ್ಕಿಂತ ಜಾಸ್ತಿ ಏರ್ತೀರ. ಉಪವಾಸ ಮಾಡಿ ಮಾಡಿ ಮೂರು ಇಂಚು ದಪ್ಪ ಆಗಿದೀರ."

"ಅಂದ್ರೆ ನಾನು ಕದ್ದು ತಿಂತೀನಿ ಅಂತಾನಾ?"

"ನಾನು ತಿಂತಿದ್ದೆ ಅಕ್ಕ. ಅದಕ್ಕೇ ಹೇಳ್ತಿದೀನಿ."

ಮಂಗಳಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಹೊಲಿಯೋಳು ಹೊಲಿ, ಡಾಕ್ಟ್ರಿಕೆ ಮಾಡ್ಬೇಡ" ಎಂದು ಬಟ್ಟೆ ಅಲ್ಲೇ ಬಿಸಾಕಿ ಎದ್ದು ಬಂದಳು. ಸಿಟ್ಟು ಬಂದದ್ದು ಖುರ್ಷಿದಾಳ ಮೇಲಲ್ಲ, ಉಗ್ರಾಣದ ಗುಟ್ಟು ರಟ್ಟಾಯಿತಲ್ಲ ಎಂದು. ಅದು ಅವಳಿಗೂ ಗೊತ್ತಿತ್ತು.

ಅದಾದ ಮೂರನೇ ದಿನ, ಶುಕ್ರವಾರ, ಸ್ಕೂಲಿನ ಇಬ್ಬರು ಹುಡುಗಿಯರು ನೀಲಳನ್ನು ಕೈಹಿಡಿದು ಮನೆಗೆ ಕರೆತಂದರು. ಪ್ರಾರ್ಥನೆ ಸಾಲಿನಲ್ಲಿ ನಿಂತಿದ್ದವಳು ಧೊಪ್ಪನೆ ಬಿದ್ದಿದ್ದಳಂತೆ. ಹಣೆ ಊದಿತ್ತು. ಮಂಗಳಮ್ಮ ಹಾಲು ಕುಡಿಸಿ, ಮಗಳ ಬ್ಯಾಗಿನಿಂದ ಕರವಸ್ತ್ರ ಹುಡುಕಲು ಕೈ ಹಾಕಿದರೆ ಜಾಮಿಟ್ರಿ ಬಾಕ್ಸು ಬಾಯಿ ತೆರೆಯಿತು. ಒಳಗೆ ಕೊಬ್ಬರಿ ಚೂರು, ಬೆಲ್ಲದ ಪುಡಿ.

"ಏನೇ ಇದು?"

"ನಿನ್ನೆಯಿಂದ ಊಟ ಮಾಡಿಲ್ಲಮ್ಮ. ತಡೆಯಕ್ಕೆ ಆಗದೆ ಇದ್ರೆ ಇರಲಿ ಅಂತ..."

"ಊಟ ಯಾಕೆ ಬಿಟ್ಟೆ? ಅಜ್ಜಿ ಕೈಲಿ ತಟ್ಟೆ ಹಾಕಿಸ್ಕೊಂಡಿದ್ಯಲ್ಲ!"

"ನಾಯಿಗೆ ಹಾಕ್ದೆ. ಕ್ಲಾಸಲ್ಲಿ ನನ್ನ ಡುಮ್ಮಿ ಅಂತಾರೆ. ನೀನೂ ಹಿಂಗೇ ಮಾಡ್ತೀಯಲ್ಲಮ್ಮ. ಆಮೇಲೆ ಉಗ್ರಾಣಕ್ಕೆ ಹೋಗ್ತೀಯ. ನಾನು ನೋಡಿದೀನಿ."

ಮಂಗಳಮ್ಮ ಜಾಮಿಟ್ರಿ ಬಾಕ್ಸು ಮುಚ್ಚಿಟ್ಟಳು. ತನ್ನ ಮೈ ಏನಾದರೂ ಆಗಲಿ, ಈ ಕೂಸು ಇನ್ನೂ ಬೆಳೆಯಬೇಕಾದ ಕೂಸು. ತಕ್ಕಡಿಗೆ ಕಲ್ಲು ಇಡಿಸಿದವಳು ತಾನೇ ಅಲ್ಲವೇ ಎಂದುಕೊಂಡಳು. ಮಗಳನ್ನು ಮಲಗಿಸಿ, ನೆಟ್ಟಗೆ ಖುರ್ಷಿದಾಳ ಮನೆಗೆ ಹೋದಳು. ಖುರ್ಷಿದಾ ಮೊನ್ನೆಯ ಜಗಳ ಎತ್ತಲಿಲ್ಲ, ಚಾಪೆ ಹಾಸಿದಳು. ಮಂಗಳಮ್ಮ ಮಗಳು ಬಿದ್ದದ್ದು, ತಕ್ಕಡಿ, ಉಗ್ರಾಣ ಎಲ್ಲ ಹೇಳಿಕೊಂಡಳು.

"ನಾನೂ ರೋಜಾ ಉಪವಾಸ ಇರೋಳೇ ಅಕ್ಕ. ಒಂದು ವರ್ಷ ರಂಜಾನ್ ಮುಗಿಯೋ ಹೊತ್ತಿಗೆ ಇನ್ನೂ ದಪ್ಪ ಆಗಿದ್ದೆ. ಸಂಜೆ ಖರ್ಜೂರ ಬಾಯಿಗೆ ಹಾಕಿದ್ದೇ ತಡ, ಸಮೋಸ, ಶರಬತ್ತು, ಬಿರಿಯಾನಿ. ಸಕ್ಕರೆ ಕಾಯಿಲೆ ಬೇರೆ ಹತ್ಕೊಂತು. ಆಗ ತುಮಕೂರಲ್ಲಿ ಲೇಡಿ ಡಾಕ್ಟ್ರು ಬುದ್ಧಿ ಹೇಳಿದ್ರು. ದೇವರ ಉಪವಾಸ ದೇವರಿಗೆ ಮಾಡಿ, ನಿಮ್ಮ ಕಾಯಿಲೆಗೆ ಅದು ಆಗುತ್ತೋ ಇಲ್ವೋ ನಮ್ಮನ್ನ ಕೇಳ್ಕೊಳ್ಳಿ. ತೂಕಕ್ಕೆ ಅಂತ ಮಾತ್ರ ಉಪವಾಸ ಬೇಡ ಅಂದ್ರು. ಹೊಟ್ಟೆ ಒಣಗಿಸಿದ್ರೆ ಅದು ಸುಮ್ನಿರಲ್ಲ, ಒಂದಕ್ಕೆ ಎರಡು ಕೇಳುತ್ತೆ. ಅದು ನಿಮ್ಮ ಬಾಯಿಚಪಲ ಅಲ್ಲ, ಹಸಿವು."

"ಮತ್ತೆ ಇಳಿಯೋದು ಹೆಂಗೆ?"

"ಮೂರು ಹೊತ್ತೂ ಊಟ ಮಾಡಿ."

"ತಮಾಷೆ ಮಾಡ್ತೀಯಾ?"

"ನಿಜ ಅಕ್ಕ. ಬೆಳಿಗ್ಗೆ ರೊಟ್ಟಿ ಬಿಡಬೇಡಿ. ಮಧ್ಯಾಹ್ನ ಎರಡು ಮುದ್ದೆ ಇದ್ರೆ ಒಂದು ಮಾಡಿ, ಸೊಪ್ಪು, ಕಾಳು, ತರಕಾರಿ ಧಾರಾಳ ಹಾಕ್ಕೊಳ್ಳಿ. ಕಾಫಿಗೆ ಸಕ್ಕರೆ ಕಮ್ಮಿ ಮಾಡಿ. ಕೊಬ್ಬರಿ ಬೆಲ್ಲ ಬೇಕು ಅನ್ಸಿದ್ರೆ ಒಂದು ಚೂರು ತಟ್ಟೆಗೆ ಹಾಕ್ಕೊಂಡು ಎಲ್ಲರ ಎದುರಿಗೆ ಕೂತು ತಿನ್ನಿ. ಕತ್ತಲೆಯಲ್ಲಿ ನಿಂತು ತಿಂದ್ರೆ ಎಷ್ಟು ಹೋಯ್ತು ಅಂತ ಗೊತ್ತಾಗಲ್ಲ. ಸಂಜೆ ಕೆರೆ ಏರಿ ಮೇಲೆ ನನ್ನ ಜೊತೆ ನಡೀರಿ. ತಕ್ಕಡಿ ತಿಂಗಳಿಗೊಂದು ಸಲ ಸಾಕು."

"ಒಂದಿನ ಜಾಸ್ತಿ ತಿಂದ್ಬುಟ್ರೆ?"

"ತಿಂದ್ರಿ, ಮುಗೀತು. ಮುಂದಿನ ಹೊತ್ತು ಮಾಮೂಲಿ ಊಟ ಮಾಡಿ. ಇದೊಂದೇ ಕಣಕ್ಕ ಕಷ್ಟ."

"ನೀಲಂಗೆ?"

"ಆ ಮಗೂಗೆ ಯಾವ ಪಥ್ಯನೂ ಬೇಡ. ಹೊಟ್ಟೆ ತುಂಬ ಊಟ, ಹೊರಗೆ ಆಟ. ಡಾಕ್ಟ್ರಿಗೂ ಒಂದು ಸಲ ತೋರಿಸಿ."

ಮಾರನೇ ವಾರವೇ ತಾಯಿ ಮಗಳು ತುಮಕೂರಿಗೆ ಹೋಗಿ ಬಂದರು. ಡಾಕ್ಟರು ಹೇಳಿದ್ದೂ ಇದನ್ನೇ. ಶಿವರುದ್ರಮ್ಮ ಮೂಗು ಮುರಿದರು. "ಸಣ್ಣಗಾಗಕ್ಕೆ ಮೂರು ಹೊತ್ತು ತಿನ್ಬೇಕಂತೆ! ವ್ರತ ಏನಾಯ್ತೇ?"

"ಆ ಎರಡು ದಿನದ್ದು ವ್ರತ ಅಲ್ಲ ಅತ್ತೆ, ಸುಳ್ಳು ಹೇಳಿದ್ದೆ" ಎಂದಳು ಮಂಗಳಮ್ಮ. ಮುದುಕಿ, "ನಂಗೊತ್ತಿಲ್ವಾ? ಬೆಲ್ಲದ ಡಬ್ಬ ತೊಳೆಯೋಳು ನಾನು" ಎಂದರು. ಆವತ್ತಿನಿಂದ ಸಾರಿಗೆ ಸೊಪ್ಪು ಬಿಡಿಸಿ ಕೊಡುವುದು ಅವರ ಪಾಲಿನ ಕೆಲಸವಾಯಿತು.

ಎರಡು ತಿಂಗಳಲ್ಲಿ ಇಳಿದದ್ದು ಬರೀ ಎರಡು ಕೆಜಿ. "ಇಷ್ಟೇನಾ?" ಎಂದು ಮಂಗಳಮ್ಮನಿಗೆ ಬೇಜಾರು. ಆದರೆ ತಲೆ ಸುತ್ತುವುದು ನಿಂತಿತ್ತು, ಉಗ್ರಾಣದ ಕಡೆ ಕಾಲು ಎಳೆಯುವುದೂ ಕಡಿಮೆಯಾಗಿತ್ತು. ಮದುವೆಗೆ ಖುರ್ಷಿದಾ ಇದ್ದ ಅಳತೆಗೇ ರವಿಕೆ ಹೊಲಿದಳು.

ಕೊತ್ತಗೆರೆಯಲ್ಲಿ ತಮ್ಮನ ಮದುವೆ. ಕಾಯಿ ಹೋಳಿಗೆ, ಮೇಲೆ ತುಪ್ಪ. ಅಕ್ಕನ ಎಲೆಗೆ ಬಡಿಸಿದವರು ಕೈ ಹಿಡಿಯಲಿಲ್ಲ, ಅಕ್ಕನೂ ಬೇಡ ಅನ್ನಲಿಲ್ಲ. ಐದು ಹೋಳಿಗೆ. ನೀಲನೂ ಕಮ್ಮಿ ಇಲ್ಲ, ನಾಲ್ಕು.

ಗುಬ್ಬಿಗೆ ಮರಳಿದ ಮಾರನೇ ಬೆಳಿಗ್ಗೆ ಮಂಗಳಮ್ಮ ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹೊಟ್ಟೆ ಭಾರ, ಮನಸ್ಸು ಇನ್ನೂ ಭಾರ. ಇವತ್ತೊಂದಿನ ಏನೂ ಬೇಡ, ನೀರು ಕುಡಿದು ಇದ್ದರಾಯಿತು ಎಂದು ಹಳೇ ಮನಸ್ಸು ಹೇಳುತ್ತಿತ್ತು. ಅಡುಗೆಮನೆ ಬಾಗಿಲಲ್ಲಿ ನೀಲ ನಿಂತಿದ್ದಳು.

"ಅಮ್ಮ, ಇವತ್ತು ನಿಂಗೆ ಉಪವಾಸನಾ?"

ಮಂಗಳಮ್ಮ ತಿರುಗಿ ನೋಡಿದಳು. ಹಣೆಯ ಗಾಯ ಮಾಸಿತ್ತು. ಕಣ್ಣು ಮಾತ್ರ ಅಮ್ಮನ ಬಾಯನ್ನೇ ಕಾಯುತ್ತಿತ್ತು. ಅಮ್ಮ ಹೂಂ ಅಂದರೆ ತಾನೂ ಹೂಂ ಅನ್ನಲು ತಯಾರಾಗಿ ನಿಂತ ಹುಡುಗಿ.

"ಇಲ್ಲ ಕಣೇ. ಹಸಿವಾಗ್ತಿದೆ. ಎರಡು ತಟ್ಟೆ ತಗೊಂಬಾ."

ಇಬ್ಬರೂ ಪಕ್ಕದಲ್ಲಿ ಕೂತು ರೊಟ್ಟಿ, ಸೊಪ್ಪಿನ ಪಲ್ಯ ತಿಂದರು. ತಾಯಿಗೆ ಕಣ್ಣು ತುಂಬಿತ್ತು, ಮೆಣಸಿನಕಾಯಿ ಖಾರ ಎಂದು ಹೇಳಿದಳು.

ಮುಂದಿನ ಶಿವರಾತ್ರಿಗೆ ಖುರ್ಷಿದಾಳ ಪುಸ್ತಕದಲ್ಲಿ ಮೂವತ್ತೊಂಬತ್ತು. ಅದರ ಮುಂದಿನ ಶಿವರಾತ್ರಿಗೂ ಮೂವತ್ತೊಂಬತ್ತೇ. ಮೂವತ್ತೇಳಕ್ಕೆ ಇಳಿಯಲಿಲ್ಲ, ನಲವತ್ತೊಂದಕ್ಕೂ ಏರಲಿಲ್ಲ. ಬಿ.ಪಿ. ಹತೋಟಿಗೆ ಬಂತು. "ಒಳಗೆ ಎರಡು ಇಂಚು ಬಟ್ಟೆ ಬಿಡ್ಲಾ ಅಕ್ಕ?" ಎಂದು ಖುರ್ಷಿದಾ ಕೇಳಿದರೆ, "ಒಂದು ಬೆರಳು ಬಿಡು, ಗೌರಿ ಹಬ್ಬಕ್ಕೆ ಕಡುಬು ತಿನ್ಬೇಕು" ಎಂದು ಮಂಗಳಮ್ಮ ನಕ್ಕಳು.

ಅಕ್ಕಂದಿರೇ, ತೂಕ ಇಳಿಸಬೇಕಾದರೆ ಇಳಿಸಿ, ಆದರೆ ಹೊಟ್ಟೆ ಒಣಗಿಸಿ ಅಲ್ಲ. ತಿಂಗಳಿಗೆ ಒಂದು ಕೆಜಿ ಇಳಿದರೂ ಅದು ಇಳಿದದ್ದೇ. ಹೊತ್ತಿಗೆ ಸರಿಯಾಗಿ ಉಣ್ಣಿ, ದಿನಾ ನಡೆಯಿರಿ. ಕದ್ದು ತಿನ್ನುವುದು ಕೈಮೀರಿದೆ ಅನ್ನಿಸಿದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ, ಅದು ಪಾಪವೇನಲ್ಲ. ನಿನ್ನೆ ಜಾಸ್ತಿ ತಿಂದೆನೆಂದು ಇವತ್ತು ತಟ್ಟೆ ಬೋರಲು ಹಾಕಬೇಡಿ. ನಿಮ್ಮ ಅಡುಗೆಮನೆ ಬಾಗಿಲಲ್ಲೂ ಒಬ್ಬಳು ಹುಡುಗಿ ನಿಂತು ನೋಡುತ್ತಿರಬಹುದು. ನಾಳೆ ಬೆಳಿಗ್ಗೆ ಅವಳನ್ನು ಕರೆದು, ಎರಡು ತಟ್ಟೆ ತರಲು ಹೇಳಿ.