ಶ್ರೇಷ್ಠ ಉಪನ್ಯಾಸಕ

ನಮ್ಮ ಕಚೇರಿಯಲ್ಲಿ ಮೋಸದ ಮೇಲ್‌ಗಳ ಬಗ್ಗೆ ಪಾಠ ಹೇಳುವವನು ನಾನೇ. ಗುರುತಿಲ್ಲದ ಲಿಂಕ್ ಒತ್ತಬೇಡಿ ಎಂದು ಆರು ವರ್ಷದಿಂದ ಗಂಟಲು ಹರಿದುಕೊಂಡಿದ್ದೇನೆ. ಕಳೆದ ವಾರ ನನ್ನ ಹೊಸ ಸಹಾಯಕಿ, ಯಾರು ಬಲೆಗೆ ಬೀಳುತ್ತಾರೆ ನೋಡೋಣವೆಂದು, ಎಐ ಕೈಲಿ ಒಬ್ಬೊಬ್ಬರಿಗೂ ಒಪ್ಪುವಂಥ ನಕಲಿ ಮೇಲ್ ಬರೆಸಿ ಕಳಿಸಿದಳು. ನನಗೆ ಬಂದದ್ದರಲ್ಲಿ, ‘ವರ್ಷದ ಶ್ರೇಷ್ಠ ಉಪನ್ಯಾಸಕರಾಗಿ ಆಯ್ಕೆಯಾಗಿದ್ದೀರಿ, ಪಾಸ್‌ವರ್ಡ್ ಕೊಟ್ಟು ಒಳಬನ್ನಿ’ ಎಂದಿತ್ತು. ಆತುರದಲ್ಲಿ ಮೊದಲ ಸಲ ಪಾಸ್‌ವರ್ಡ್ ತಪ್ಪಾಯಿತು. ಎರಡನೇ ಸಲ ಒಂದೊಂದೇ ಅಕ್ಷರ ನೋಡಿಕೊಂಡು ಹೊಡೆದೆ.

ಸಂಜೆ ಅವಳು ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿದಳು: “ಸರ್, ಎಂಬತ್ತು ಜನರಲ್ಲಿ ಪಾಸ್‌ವರ್ಡ್ ಕೊಟ್ಟೋರು ನೀವೊಬ್ರೇ.”

“ನಿನ್ನ ಪರೀಕ್ಷೆ ಸರಿಯಾಗಿದೆಯಾ ಅಂತ ನೋಡ್ದೆ ಅಷ್ಟೆ.”

“ಎರಡು ಸಲ ನೋಡಿದ್ರಾ ಸರ್?”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಲೇ, “ಯಾರಾದ್ರೂ ಹೊಗಳಿದ್ರೆ ಸಾಕು, ನೀವು ಮನೆ ಬೀಗದ ಕೈನೂ ಕೊಟ್ಟುಬಿಡ್ತೀರಿ. ಮದುವೆಯಾದ ವಾರದಲ್ಲೇ ನನಗೆ ಗೊತ್ತಾಯ್ತು” ಎಂದಳು.

ಮುಂದಿನ ಪಾಠದಲ್ಲಿ ಮುಖ ಗಟ್ಟಿಮಾಡಿಕೊಂಡು ಇದೆಲ್ಲವನ್ನೂ ಇದ್ದ ಹಾಗೇ ಹೇಳಿದೆ. ಒಬ್ಬರೂ ಆಕಳಿಸಲಿಲ್ಲ. ಹಿಂದಿನ ಸಾಲಿನವರಂತೂ ಚೆನ್ನಾಗಿ ಕೇಳಿಸಲೆಂದು ಮುಂದೆ ಬಂದು ಕೂತರು.