ಹೂವಿನೊಳಗಿನ ಕರಿ ನುಸಿ

ಒಂದಾನೊಂದು ಊರಿನಲ್ಲಿ ಎಳ್ಳಿಗಿಂತ ಸಣ್ಣ ರಾಕ್ಷಸನೊಬ್ಬ ಇದ್ದನಂತೆ, ಹೂವಿನೊಳಗೆ ಅಡಗಿ ಕೂತು ಇಡೀ ಹೊಲ ನುಂಗುತ್ತಿದ್ದನಂತೆ. ಅಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು ಎಂದುಕೊಳ್ಳುತ್ತ ನೀಲಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದಳು. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಗುರುತು ಸಿಕ್ಕರೆ ಸಾಕು, ಸೆರೆಯಲ್ಲಿದ್ದ ರಾಜಕುಮಾರಿ ಮನೆಗೆ ಬರುತ್ತಿದ್ದಳು.

ನೀಲಾಳ ಅಕ್ಕ ಗಂಗಾ ಮಾತ್ರ ದಸರೆಯಿಂದ ಸಂಗೊಳ್ಳಿಯ ತವರಲ್ಲೇ ಕೂತಿದ್ದಳು. ಮನೋಳಿಯಲ್ಲಿ ಗಂಡನ ಮನೆಯ ಮೆಣಸಿನಕಾಯಿ ಹೊಲ ಮುರುಟಿತ್ತು. ಎಲೆ ಮಡಚಿ, ಹೂವು ಉದುರಿ, ಹಿಡಿದ ನಾಲ್ಕು ಕಾಯಿಯೂ ಸೊಟ್ಟಗಾಗಿದ್ದವು. ಮುಟ್ಟಾದ ಹೆಂಗಸು ಮೆಣಸಿನಕಾಯಿ ಹೊಲಕ್ಕೆ ಕಾಲಿಡಬಾರದು ಎಂಬುದು ಆ ಮನೆಯ ಕಟ್ಟಳೆ. ಕಳೆ ತೆಗೆಯುವ ಆಳುಗಳಿಗೆ ಬುತ್ತಿ ಒಯ್ಯಲು ಬೇರೆ ಯಾರೂ ಇರದ ಒಂದು ದಿನ ಗಂಗಾ ಹಾಗೆಯೇ ಬದು ದಾಟಿದ್ದಳು. ಅತ್ತೆ ಕೆಂಚವ್ವನಿಗೆ ಅದು ಗೊತ್ತಾಗಿತ್ತು. ಎಲೆ ಮುರುಟಿದ ಮೇಲೆ ಸೊಸೆಯನ್ನು ತವರಿಗೆ ಅಟ್ಟಲು ಬೇರೆ ಸಾಕ್ಷಿ ಬೇಕಾಗಲಿಲ್ಲ.

"ನೀ ಧಾರವಾಡದಾಗ ಹುಳದ ವಿದ್ಯಾನ ಕಲಿಯಾಕತ್ತೀಯಲ್ಲ," ಎಂದಿದ್ದಳು ಗಂಗಾ. "ಅದ್ಯಾವ ಹುಳ ಅಂತ ಕಂಡಹಿಡಿ. ಆಮ್ಯಾಲೆ ಅವರ ಅಂಗಳದಾಗ ನಿಂತು, ಗಂಗಾಂದು ತಪ್ಪಿಲ್ಲ ಅಂತ ಒಂದ ಮಾತು ಹೇಳಿ ಬಾ. ನಾ ಹೇಳಿದ್ರ ಯಾರು ಕೇಳ್ತಾರ?"

"ಹೇಳತೇನಿ ಅಕ್ಕಾ. ನಿನ್ನಾಣಿ."

ನೀಲಾ ಮೊದಲ ಸಲ ಮನೋಳಿಗೆ ಹೋದಾಗ ಕೆಂಚವ್ವ ಅವಳನ್ನು ಬದುವಿನ ಮೇಲೆಯೇ ತಡೆದಳು. "ತಲಿಮ್ಯಾಲೆ ನೀರು ಹಾಕ್ಕೊಂಡು ಬಂದೀಯೇನವಾ? ಒಬ್ಬಾಕಿ ತುಳದದ್ದ ಸಾಕಾಗೇತಿ." ಗಂಗಾಳ ಗಂಡ ಮಹಾದೇವನೇ ಎಲೆ ಕಿತ್ತು ತಂದುಕೊಟ್ಟ. ಅವುಗಳಲ್ಲಿ ಇದ್ದದ್ದು ಬರೀ ಹಳದಿ ಮರಿಗಳು. ರೆಕ್ಕೆ ಮೂಡದ ಮರಿ ನೋಡಿ ಜಾತಿ ಹೇಳಲಾಗದೆಂದು ಧಾರವಾಡದಲ್ಲಿ ಅವಳ ಗುರುಗಳು ಸೀಸೆಯನ್ನು ಪಕ್ಕಕ್ಕಿಟ್ಟರು. ಎರಡನೇ ಸಲ ಅವಳು ಬದುವಿನ ಮೇಲೆ ನಿಂತೇ ಹೂ ಕೇಳಿದಳು. ಬಿಳಿ ಹಾಳೆಯ ಮೇಲೆ ಜಾಡಿಸಿದರೆ ಕರಿ ಚುಕ್ಕೆಗಳು ದಿಕ್ಕಾಪಾಲಾಗಿ ಓಡಿದವು.

ಈಗ ಅವುಗಳಲ್ಲೊಂದು ಗಾಜಿನ ಮೇಲೆ ಕೈಕಾಲು ಚಾಚಿ ಮಲಗಿತ್ತು. ಮೀಸೆಗೆ ಏಳು ಗೆಣ್ಣು. ರೆಕ್ಕೆಯ ನರದುದ್ದಕ್ಕೂ ಎಲ್ಲಿಯೂ ಕಡಿಯದ ರೋಮಸಾಲು. ಊರ ನುಸಿಗೆ ಹೊಟ್ಟೆಯ ಎಂಟನೆಯ ಪಟ್ಟಿಯಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿರುತ್ತವೆ, ಇದಕ್ಕೆ ಇರಲಿಲ್ಲ. ಗುರುಗಳೂ ನೋಡಿ ಹೌದೆಂದರು. ಥ್ರಿಪ್ಸ್ ಪಾರ್ವಿಸ್ಪೈನಸ್. ಹೊರದೇಶದ್ದು, ಸಸಿಗಳ ಜೊತೆ ಊರೂರು ತಿರುಗುವಂಥದ್ದು. ಅಗ್ಗಕ್ಕೆ ಸಿಕ್ಕವೆಂದು ದೂರದ ನರ್ಸರಿಯಿಂದ ಸಸಿ ಹೇರಿಕೊಂಡು ಬಂದವನು ಮಹಾದೇವ. ನೀಲಾ ಮರುದಿನವೇ ಮನೋಳಿಯ ಬಸ್ಸು ಹತ್ತಿದಳು.

ಕೆಂಚವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮಹಾದೇವ ಔಷಧ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದ.

"ಹುಳದ ಹೆಸರು ಸಿಕ್ಕೈತ್ರಿ ಅತ್ತಿ. ಥ್ರಿಪ್ಸ್ ಪಾರ್ವಿಸ್ಪೈನಸ್ ಅಂತ. ನಮ್ಮ ಕಡೀದಲ್ಲ, ಹೊರಗಿಂದ ಬಂದೈತಿ."

ಮೊರ ನಿಲ್ಲಲಿಲ್ಲ. "ನಾನೂ ಅದನ್ನ ಹೇಳಾಕತ್ತೇನಿ. ಸಂಗೊಳ್ಳಿ ಏನು ನಮ್ಮ ಮನಿ ಒಳಗೈತೇನವಾ?"

"ಸಸಿ ಜೋಡಿ ಬಂದೈತ್ರಿ. ಮಾಮಾ ತಂದ ಸಸಿನ ಬಾಜೂಕಿನ ಶಟ್ಟೆಪ್ಪನೂ ಹಚ್ಯಾನಲ್ಲ, ಅವನ ಹೊಲಾನೂ ಮುರುಟೇತಿ. ಅಲ್ಲಿ ಯಾರು ತುಳದಾರ್ರಿ?"

"ಎರಡೂ ಹೊಲಕ್ಕ ಬದು ಒಂದ ಐತಲ್ಲ."

ನೀಲಾ ಮಹಾದೇವನ ಕಡೆ ನೋಡಿದಳು. ಅವನು ಪಂಪಿನ ನಳಿಗೆಗೆ ಬಾಯಿಟ್ಟು ಊದಿದ. "ಅದಿರ್ಲಿ. ಇದಕ್ಕ ಯಾವ ಎಣ್ಣಿ ಹೊಡೀಬೇಕು, ಅದನ್ನ ಹೇಳು."

ಹೇಳಿದಳು. ಅವನು ಎರಡು ಸಲ ಹೇಳಿಸಿಕೊಂಡು ಮೊಬೈಲಿನಲ್ಲಿ ಬರೆದುಕೊಂಡ.

"ಅಕ್ಕನ್ನ ಕರಿಯಾಕ ಯಾವಾಗ ಬರ್ತೀರಿ ಮಾಮಾ?"

"ಮೊದಲು ಬೆಳಿ ಉಳೀಲಿ," ಎಂದ. ಗಾಡಿ ಚಾಲೂ ಮಾಡಿ ಔಷಧ ತರಲು ಪೇಟೆಯ ದಾರಿ ಹಿಡಿದ. ಕೆಂಚವ್ವ ಮೊರವನ್ನು ಗೋಡೆಗೊರಗಿಸಿ ಎದ್ದಳು. "ಬಿಸಿಲಾಗ ಯಾಕ ನಿಂತೀ? ಕಟ್ಟಿಮ್ಯಾಲೆ ಕುಂದ್ರು, ಬಿಸಿ ರೊಟ್ಟಿ ಉಂಡು ಹೋಗೀಯಂತ."

ಒಳಗೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ನೀಲಾ ಕುಳಿತುಕೊಳ್ಳಲಿಲ್ಲ. ತೆರೆದ ಬಾಗಿಲಿಗೆ ಮುಖ ಮಾಡಿ ನಿಂತಳು. ಮೊದಲ ಸಲ ಬರೀ ತುಟಿ ಅಲ್ಲಾಡಿತು. ಎರಡನೇ ಸಲ ಒಳಗೆ ಕೇಳುವಂತೆ ಹೇಳಿದಳು.

"ಗಂಗಾಂದು ತಪ್ಪಿಲ್ಲ."

ರೊಟ್ಟಿಯ ಸದ್ದು ನಿಂತಿತು. ಒಲೆಯ ಹೊಗೆ ಬಾಗಿಲ ಮೇಲಿನಿಂದ ತೆಳ್ಳಗೆ ಹೊರಬಂತು. ಆಮೇಲೆ ಒಳಗೆ ಕೈ ಮತ್ತೆ ಬಡಿಯತೊಡಗಿತು, ಮೊದಲಿನ ಹದದಲ್ಲೇ.